ಊಟದ ಪೈಲೆನೋ, ಊಟ ಆದಮ್ಯಾಲೋ?

ಹಸಿದ ಹೊಟ್ಟೆಯ ಉರಿಗೆ ರೊಟ್ಟಿ ಮದ್ದು. ಖಾರ ಉಂಡ ಹೊಟ್ಟೆಯ ಉರಿಗೆ ಮಜ್ಜಿಗೆ ಮದ್ದು. ಔರಾದದ ಸುಮಿತ್ರಾಬಾಯಿಯ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಈ ಎರಡೂ ಅಲ್ಲ. ಆ ಉರಿಯ ಹೆಸರು ಶಾಲುಬಾಯಿ.

ಮಳೆ ಬೆನ್ನುಬೆನ್ನಿಗೆ ಕೈಕೊಟ್ಟ ವರ್ಷಗಳವು. ದೀಪಾವಳಿ ಮುಗಿಯಿತೆಂದರೆ ಔರಾದ ಸೀಮೆಯ ಹಳ್ಳಿಗಳು ಗಂಟುಮೂಟೆ ಕಟ್ಟಿ ಹೈದರಾಬಾದಿನ ಬಸ್ಸು ಹತ್ತುತ್ತಿದ್ದವು. ದೊಡ್ಡವರು ದುಡಿಯಲು ಹೋದರೂ ಮಕ್ಕಳ ಸಾಲೆ ತಪ್ಪಬಾರದೆಂದು ಬೀದರದ ಒಂದು ಸಂಸ್ಥೆಯವರು ಬೀದರ, ಭಾಲ್ಕಿ, ಔರಾದಗಳಲ್ಲಿ ವಸತಿ ತೆರೆದಿದ್ದರು. ಅಪ್ಪ ಅವ್ವ ತಿರುಗಿ ಬರುವತನಕ ಮಕ್ಕಳು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಉಣಿಸಿ ಮಲಗಿಸುವ ಹೆಂಗಸರಲ್ಲಿ ಎಲ್ಲರಿಗಿಂತ ಹಳಬಳು ಸುಮಿತ್ರಾಬಾಯಿ.

ಮನ್ನಳ್ಳಿಯಲ್ಲಿ ಹುಟ್ಟಿ ಔರಾದಕ್ಕೆ ಸೊಸೆಯಾಗಿ ಬಂದ ಜೀವ. ಗಂಡ ಬಸವಣ್ಣೆಪ್ಪನದು ಹಿಟ್ಟಿನ ಗಿರಣಿ. ಜೋಳವೇ ಬೆಳೆಯದ ಮೇಲೆ ಬೀಸಿಸಲು ಯಾರು ಬಂದಾರು? ಗಿರಣಿಯ ಪಟ್ಟಾ ಬಿಚ್ಚಿ ಗೋಡೆಯ ಗೂಟಕ್ಕೆ ತೂಗುಹಾಕಿ ಅವನೂ ಹೈದರಾಬಾದಿಗೆ ಹೋದ, ಇನ್ನೊಬ್ಬರ ಗಿರಣಿಯಲ್ಲಿ ಆಳಾಗಿ ನಿಲ್ಲಲು. ಯಾರಾದರೂ ಕೇಳಿದರೆ ಆಕೆ, "ನಮ್ಮವರು ಅಲ್ಲಿ ದೊಡ್ಡ ಗಿರಣಿ ನೋಡಿಕೊಳ್ತಾರ್ರಿ" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅದರಾಚೆ ಒಂದು ಮಾತಿಲ್ಲ. ದುಃಖ ಹೇಳಿಕೊಳ್ಳುವುದು ಉಳಿದವರ ಪಾಲು, ಕೇಳುವುದು ತನ್ನ ಪಾಲು ಎಂದು ಆಕೆ ಯಾವಾಗಲೋ ಹಂಚಿಕೊಂಡುಬಿಟ್ಟಿದ್ದಳು. ಮೂರೂ ವಸತಿಯ ಹೆಂಗಸರು ಅತ್ತದ್ದು ಆಕೆಯ ಮಡಿಲಲ್ಲೇ. ಆ ಮಡಿಲೇ ಆಕೆಯ ಗದ್ದುಗೆ.

ಕಳೆದ ದಸರೆಗೆ ಭಾಲ್ಕಿಯಿಂದ ಶಾಲುಬಾಯಿ ಬಂದಳು. ಓದಿದವಳು, ಮೆತ್ತಗೆ ಮಾತಾಡುವವಳು. ಬಂದ ತಿಂಗಳಲ್ಲೇ ಔರಾದ ವಸತಿಯ ಹುಡುಗಿಯರು ಸಂಜೆ ತಲೆ ಬಾಚಿಸಿಕೊಳ್ಳಲು ಅವಳ ಮುಂದೆ ಸಾಲು ಕೂತರು. ಹೋಗಲಿ, ಮಕ್ಕಳು. ಆದರೆ ಅಡುಗೆಯ ಕೌಸಲ್ಯಾಬಾಯಿ? ಇಷ್ಟು ವರ್ಷ ತನ್ನ ಮುಂದೆ ಮೂಗು ಒರೆಸಿಕೊಂಡವಳು ಈಗ ನೀರೊಲೆಯ ಹತ್ತಿರ ಶಾಲುಬಾಯಿಯ ಜೊತೆ ಗುಸುಗುಸು ಎನ್ನುವಳು. ಸುಮಿತ್ರಾಬಾಯಿ ಹತ್ತಿರ ಹೋದರೆ, "ಏನಿಲ್ರಿ ಅಕ್ಕಾ, ಹಿಂಗೇ" ಎಂದು ಎದ್ದುಬಿಡುವಳು. ಮುಂಜಾನೆ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರೆ ಸುಮಿತ್ರಾಬಾಯಿಗೆ ಕಾಣುವುದು ಆ ಬಾಚಣಿಗೆ ಹಿಡಿದ ಕೈ.

ಎಲ್ಲದಕ್ಕಿಂತ ಕೆಟ್ಟದ್ದು ಶನಿವಾರದ ಸಂಜೆ. ಶಾಲುಬಾಯಿಯ ಗಂಡ ಪಂಢರಿ ಭಾಲ್ಕಿಯಿಂದ ಮೋಟರ್‌ಸೈಕಲ್ ಮೇಲೆ ಬಂದು ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತಿದ್ದ. ಅವಳು ಮುಖಕ್ಕೆ ನೀರು ಚಿಮುಕಿಸಿಕೊಂಡು ಓಡುತ್ತಿದ್ದಳು. ಆ ಹಾರ್ನ್ ಸುಮಿತ್ರಾಬಾಯಿಯ ಕರುಳಿನಲ್ಲಿ ಮೊಳಗುತ್ತಿತ್ತು.

ಹೀಗಿರುವಾಗ ಒಂದು ಮುಂಜಾನೆ ಅನ್ನದ ಬೋಗೋಣಿ ಮುಂದೆ ಕೂತ ಕೌಸಲ್ಯಾಬಾಯಿ ಮಧ್ಯಾಹ್ನವಾದರೂ ಏಳಲಿಲ್ಲ. ಯಾವುದೋ ಕೂಸು ದಿನವೂ ಕೇಳುವಂತೆ, "ಆಯೀ, ನಮ್ಮವ್ವ ಇವತ್ತ ಬರ್ತಾಳೇನು?" ಎಂದು ಕೇಳಿತ್ತಂತೆ. ಸೌಟು ಕೈಯಲ್ಲೇ ಉಳಿಯಿತು, ಮಾತು ನಿಂತುಹೋಯಿತು. ಸುದ್ದಿ ಬೀದರಕ್ಕೆ ಮುಟ್ಟಿ ಸಂಸ್ಥೆಯ ಹಿರಿಯರಾದ ಅಬ್ದುಲ ಮಜೀದ ಸಾಹೇಬರು ಮೂರೂ ಕಡೆಯವರನ್ನು ಆಫೀಸಿಗೆ ಕರೆಸಿದರು.

"ಮಕ್ಕಳ ದುಃಖ ಹೊತ್ತು ಹೊತ್ತು ನೀವು ಸೊರಗ್ಲತ್ತೀರಿ" ಎಂದರು. "ನಮ್ಮ ಟೀಮಿಗಿ ಮನಸಿನ ಆರೋಗ್ಯದ್ದು ಟ್ರೇನಿಂಗ್ ಕೊಡಸ್ತೇನಿ."

ಅಷ್ಟರೊಳಗೆ ಚೇತರಿಸಿಕೊಂಡಿದ್ದ ಕೌಸಲ್ಯಾಬಾಯಿ ಗಾಬರಿಯಾದಳು. "ಬ್ಯಾಡ್ರೀ ಸಾಹೇಬ! ಊರಾಗ ಮೆಂಟಲ್ ಅಂತ ಹೆಸರು ಬಿದ್ರ ನನ್ನ ಮಗಳ ಲಗ್ನ ಹ್ಯಾಂಗ್ರಿ?"

"ಹುಚ್ಚು ಬಿಡಸೋದಲ್ಲವ್ವ, ಹುಚ್ಚು ಹಿಡೀದಂಗ ನೋಡಿಕೊಳ್ಳೋದು" ಎಂದು ಸಾಹೇಬರು ನಕ್ಕರು. "ಯಾರನ್ನ ಕರೀಬೇಕು ಅಂತ ನೀವೇ ಆರಿಸ್ರಿ. ಸುಮಿತ್ರಾಬಾಯಿ ಒಬ್ಬರನ್ನ ಕರೀಲಿ, ಶಾಲುಬಾಯಿ ಒಬ್ಬರನ್ನ. ಇಬ್ಬರದೂ ಒಂದೊಂದು ದಿನ ನೋಡ್ರಿ. ಕಡೀ ಮಾತು ಸುಮಿತ್ರಾಬಾಯಿದು, ಅವರು ಹಿರೇರು."

ಹಿರಿತನವೇನೋ ಉಳಿಯಿತು. ಆದರೆ ನಿನ್ನೆ ಮೊನ್ನೆ ಬಂದವಳಿಗೂ ತನಗೂ ಒಂದೇ ತಕ್ಕಡಿಯೇ? ಆ ಕ್ಷಣವೇ ಸುಮಿತ್ರಾಬಾಯಿ ತೀರ್ಮಾನಿಸಿದಳು. ಶಾಲುಬಾಯಿ ದೇವರನ್ನೇ ಕರೆತಂದರೂ ಸರಿ, ಆ ದೇವರು ಬೇಡ.

ಆಕೆ ಕರೆದದ್ದು ಭಾಲ್ಕಿಯಲ್ಲಿದ್ದ ಸೋದರಮಾವನ ಮಗ ಹಾವಗೆಪ್ಪನನ್ನು. ನಗಿಸುವುದರಲ್ಲಿ ಹೆಸರುವಾಸಿ, ಮದುವೆ ಮನೆಯಿಂದ ಹಿಡಿದು ಬ್ಯಾಂಕಿನವರ ಸಭೆಯತನಕ ಬೇಡಿಕೆ. ಬೀದರದ ಆಫೀಸಿಗೆ ಬಂದವನೇ ಚಪ್ಪಾಳೆ ಹೊಡೆಸಿದ. "ದುಃಖ ಅಂದ್ರ ಕರೀದೆ ಬಂದ ಬೀಗ! ಚಾದ ಕುಡಸ್ರಿ, ಬಸ್ಸಿಗಿ ಹತ್ತಸ್ರಿ, ಮಲಗಾಕ ಹಾಸಿಗಿ ಹಾಕಬ್ಯಾಡ್ರಿ!" ಎಂದ. ಬೀಗ ಹಾಸಿಗೆ ಬೇಡುವುದನ್ನು ಅಭಿನಯಿಸಿಯೂ ತೋರಿಸಿದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಕೌಸಲ್ಯಾಬಾಯಿ. ನಗುತ್ತ ನಗುತ್ತಲೇ ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತು ನಲ್ಲಿಯ ಹತ್ತಿರ ಮುಖ ತೊಳೆಯುತ್ತಲೇ ನಿಂತಳು. ಕಿಟಕಿಯಿಂದ ಸುಮಿತ್ರಾಬಾಯಿ ಅದನ್ನು ನೋಡಿದಳು. ನೋಡಿ, ಕಿಟಕಿಗೆ ಬೆನ್ನು ತಿರುಗಿಸಿದಳು.

ಮರುದಿನ ಶಾಲುಬಾಯಿ ಕರೆಸಿದ ಹೈದರಾಬಾದಿನ ಡಾಕ್ಟರು ಬಂದರು. ಜಹೀರೋದ್ದೀನ ಎಂದು ಹೆಸರು. ಅಜ್ಜಿಯ ಊರು ಜನವಾಡವಂತೆ, ಅವಳ ಬಾಯಿಂದ ಕಲಿತ ಕನ್ನಡ ಕುಂಟುತ್ತ ಕುಂಟುತ್ತ ಬರುತ್ತಿತ್ತು. ಚಪ್ಪಾಳೆಯಿಲ್ಲ, ಹಾಡಿಲ್ಲ. ಚಾಪೆಯ ಮೇಲೆ ಎಲ್ಲರ ಜೊತೆ ಕೂತು, "ನಿಮ್ಮ ನಿಮ್ಮ ತಕಲೀಫು ಹೇಳ್ರಿ, ನಾ ಕೇಳ್ತೇನಿ" ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಇವನನ್ನು ಇಲ್ಲೇ ಕೆಡವಬೇಕೆಂದು ಸುಮಿತ್ರಾಬಾಯಿಗೆ ಹುಮ್ಮಸ್ಸು ಬಂತು. ಶಾಲುಬಾಯಿಯ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ನನಗ ಹೊಟ್ಟಿ ಉರೀತದ್ರಿ ಡಾಕ್ಟರ್."

ಕುಹಕ ತಿಳಿದ ಹೆಂಗಸರು ಸೆರಗು ಬಾಯಿಗೆ ಒತ್ತಿದರು. ಡಾಕ್ಟರು ಮಾತ್ರ ಮುಂದಕ್ಕೆ ಬಾಗಿ ಬಲು ಕಾಳಜಿಯಿಂದ ಕೇಳಿದರು. "ಊಟದ ಪೈಲೆನೋ, ಊಟ ಆದಮ್ಯಾಲೋ?"

ಚಾಪೆಗೆ ಚಾಪೆಯೇ ನಕ್ಕಿತು. ನಕ್ಕು ನಕ್ಕು ಕೌಸಲ್ಯಾಬಾಯಿಯ ಕಣ್ಣಲ್ಲಿ ನೀರು ಬಂತು. ಸುಮಿತ್ರಾಬಾಯಿಗೆ ಗೆದ್ದ ಸಂತೋಷ. ಹೊಟ್ಟೆಯುರಿ ಅಂದರೆ ಏನೆಂದು ಗೊತ್ತಿಲ್ಲದವನು ಮನಸ್ಸಿನ ಡಾಕ್ಟರಂತೆ!

"ಊಟಕ್ಕೂ ಅದಕ್ಕೂ ಸಂಬಂಧ ಇಲ್ರಿ" ಎಂದಳು ಆಟ ಮುಂದುವರಿಸುತ್ತ.

"ಹಾಂಗಂದ್ರ ದಿನಾ ಉರೀತದೋ, ಯಾವಾಗರೆ ಒಮ್ಮಿ?"

"ದಿನಾ. ಸಂಜಿಮುಂದ ಜಾಸ್ತಿ."

"ಎಲ್ಲಾ ಸಂಜಿಗೂ ಒಂದೇ ನಮೂನಿ?"

ನಗಿಸುವ ಹುರುಪಿನಲ್ಲಿ ನಾಲಿಗೆ ಮುಂದೆ ಓಡಿತು, ಬುದ್ಧಿ ಹಿಂದೆ ಉಳಿಯಿತು. "ಇಲ್ರಿ. ಶನಿವಾರ ಸಂಜಿಗಿ ತಡಕೊಳ್ಳಾಕ ಆಗಲ್ರಿ."

ನಗು ಕತ್ತರಿಸಿದಂತೆ ನಿಂತಿತು. ಶನಿವಾರ ಸಂಜೆ ಗೇಟಿನ ಮುಂದೆ ಯಾರ ಮೋಟರ್‌ಸೈಕಲ್ ನಿಲ್ಲುತ್ತದೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಶಾಲುಬಾಯಿ ತಲೆ ತಗ್ಗಿಸಿದಳು. ಸುಮಿತ್ರಾಬಾಯಿಯ ಕಿವಿ ಕೆಂಡವಾದವು. ಡಾಕ್ಟರು ಅವಸರ ಮಾಡಲಿಲ್ಲ, ಸಮಾಧಾನ ಹೇಳಲಿಲ್ಲ, ಮಜ್ಜಿಗೆ ಕುಡಿ ಎನ್ನಲೂ ಇಲ್ಲ. ಸುಮ್ಮನೆ ಕೂತರು. ಆ ಸುಮ್ಮನಿರುವಿಕೆಯಲ್ಲಿ ಮೂಲೆಯಿಂದ ಕೌಸಲ್ಯಾಬಾಯಿಯ ದನಿ ಎದ್ದಿತು.

"ನನಗ ಮುಂಜಾನಿ ಉರೀತದ್ರಿ. ಆ ಕೂಸು ಕೇಳ್ತದಲ್ರಿ, ಅವ್ವ ಬರ್ತಾಳೇನು ಅಂತ, ಅವಾಗ."

ಭಾಲ್ಕಿಯವಳೊಬ್ಬಳು ಬಾಯಿ ಬಿಟ್ಟಳು. ಆಮೇಲೆ ಬೀದರದವಳು. ಹೊತ್ತು ಇಳಿಯುವತನಕ ಮಾತು ನಿಲ್ಲಲಿಲ್ಲ. ನಲ್ಲಿಯ ಹತ್ತಿರ ಮುಖ ತೊಳೆಯಲು ಯಾರೂ ಎದ್ದು ಹೋಗಲಿಲ್ಲ.

ಎಲ್ಲರೂ ಹೊರಟ ಮೇಲೆ ಸಾಹೇಬರು ಕೇಳಿದರು. "ಹೇಳ್ರಿ ಸುಮಿತ್ರಾಬಾಯಿ. ಹಾವಗೆಪ್ಪನೋ, ಡಾಕ್ಟರೋ?"

ಬಾಗಿಲಾಚೆ ಶಾಲುಬಾಯಿ ಚಪ್ಪಲಿ ಮೆಟ್ಟುವುದನ್ನು ತಡಮಾಡುತ್ತಿದ್ದಳು. ಹಾವಗೆಪ್ಪ ಎಂದು ಒಂದು ಮಾತು ಅಂದರೆ ಸಾಕು, ಅವಳ ಮುಖ ಬಾಡುತ್ತದೆ, ತನ್ನ ಗದ್ದುಗೆ ಉಳಿಯುತ್ತದೆ. ಡಾಕ್ಟರು ಬಂದರೆ ಎಲ್ಲರೂ ಎಲ್ಲರ ಮುಂದೆ ಹೇಳಿಕೊಳ್ಳುತ್ತಾರೆ, ಮತ್ತೆ ತನ್ನ ಮಡಿಲು ಯಾರಿಗೆ ಬೇಕು? ಹಾವಗೆಪ್ಪನ ಹೆಸರು ನಾಲಿಗೆಯ ತುದಿಗೆ ಬಂತು. ಅದರ ಜೊತೆಗೇ ನಿನ್ನೆಯ ನಲ್ಲಿಯ ನೀರಿನ ಸದ್ದೂ ಕಿವಿಗೆ ಬಂತು.

"ಡಾಕ್ಟರನ್ನೇ ಕರೀರಿ" ಎಂದಳು, ವಿಷ ನುಂಗಿದಂತೆ. "ಕನ್ನಡ ಬರೋಬ್ಬರಿ ಬರಲ್ಲ ಅವರಿಗಿ. ಹೊಟ್ಟಿ ಉರೀತದ ಅಂದ್ರ ಊಟದ ಮಾತ ಕೇಳ್ತಾರ."

"ನಮ್ಮ ಉರ್ದೂದಾಗೂ ಜಲನ್ ಅಂದ್ರ ಹೊಟ್ಟಿ ಉರೀನೂ ಹೌದು, ಹೊಟ್ಟಿಕಿಚ್ಚೂ ಹೌದು ಬಾಯಿ" ಎಂದು ಸಾಹೇಬರು ಗಡ್ಡ ಸವರಿಕೊಂಡರು. "ಖರೇನ ತಿಳೀಲಿಲ್ಲೋ, ತಿಳಿದೂ ಕೇಳಿದರೋ, ಆ ಅಲ್ಲಾಗೇ ಗೊತ್ತು."

ಆಮೇಲೆ ಬಂದ ಶನಿವಾರ. ಸಂಜೆ ಇಳಿಯಿತು, ಹಾರ್ನ್ ಕೇಳಲಿಲ್ಲ. ಶಾಲುಬಾಯಿ ಚೀಲ ಹೆಗಲಿಗೇರಿಸಿ ಕಳ್ಳಹೆಜ್ಜೆಯಲ್ಲಿ ಗೇಟು ದಾಟುತ್ತಿದ್ದಳು. ಸುಮಿತ್ರಾಬಾಯಿ ಇಣುಕಿದರೆ ಪಂಢರಿ ಗಾಡಿಯನ್ನು ದೂರದ ಬೇಲಿಯ ಮರೆಯಲ್ಲಿ ನಿಲ್ಲಿಸಿಕೊಂಡು ಕಳ್ಳನಂತೆ ಕೂತಿದ್ದ. ಉರಿ ಬುಸ್ಸೆಂದು ನೆತ್ತಿಗೇರಿತು.

"ಏ ಶಾಲೂ! ನನ್ನ ಮ್ಯಾಲ ಕರುಣಾ ತೋರಸ್ತೀ? ನಿನ್ನ ಗಂಡಗ ಹೇಳು, ಗೇಟಿಗೇ ಬಂದು ಹಾರ್ನ್ ಹೊಡೀಲಿ. ನನ್ನ ಹೊಟ್ಟಿ, ನಾ ನೋಡಿಕೊಳ್ತೇನಿ!"

ಶಾಲುಬಾಯಿ ಗೇಟಿನಲ್ಲೇ ತಿರುಗಿದಳು. ಆಮೇಲೆ ಬೇಲಿಯ ಕಡೆ ಕೈ ಬೀಸಿದಳು. ಗಾಡಿ ಗೇಟಿಗೆ ಬಂತು. ಪಂಢರಿ ಅಂಜುತ್ತ ಅಂಜುತ್ತ ಒಂದು ಸಲ ಹಾರ್ನ್ ಒತ್ತಿದ. ಅವಳು ಹಿಂದೆ ಕೂತಳು, ಧೂಳೆದ್ದಿತು.

ಅಡುಗೆಮನೆಯ ಬಾಗಿಲಿಂದ ಕೌಸಲ್ಯಾಬಾಯಿ ರಾಗವಾಗಿ ಕೇಳಿದಳು. "ಅಕ್ಕಾ, ಊಟದ ಪೈಲೆನೋ, ಊಟ ಆದಮ್ಯಾಲೋ?"

"ಹಾರ್ನ್ ಆದಮ್ಯಾಲ, ನಿನ್ನ ಬಾಯಿಗಿ ಬೂದಿ ಬೀಳಲಿ!"

ಬೈದಳಾದರೂ ಒಳಗೆ ಬಂದಳು, ಒಲೆಯ ಮುಂದೆ ಮಣೆ ಎಳೆದುಕೊಂಡಳು. ಕೌಸಲ್ಯಾಬಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಸುಮಿತ್ರಾಬಾಯಿ ಹಿಟ್ಟಿನ ಒಂದು ಉಂಡೆ ಕೈಗೆತ್ತಿಕೊಂಡಳು.

"ನಮ್ಮವರು ಗಿರಣಿ ನೋಡಿಕೊಳ್ಳಲ್ಲ, ಕೌಸಲ್ಯಾ" ಎಂದಳು. "ಅಲ್ಲಿ ಚೀಲಾ ಹೊರ್ತಾರ."