ಮೂರನೇ ತೆಂಗಿನಮರದ ಆಚೆ

ಸತ್ತವರು ಬಾಕಿ ಕೆಲಸ ಮುಗಿಸಲು ಬರುತ್ತಾರೆ ಎಂದರೆ ನಗುತ್ತಿದ್ದವನು ನಾನು. ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದೇನೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ತೊಂಬತ್ತರ ದಶಕದ ಕೊನೆ. ಚುನಾವಣೆ ಬಂತೆಂದು ಹಿರೇಗುತ್ತಿಯ ಎಲ್ಲರ ಹಾಗೆ ನಾವೂ ಮನೆಯ ಪರವಾನಗಿ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೆವು. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಭತ್ತ ಬಲಿತಿತ್ತು. ಅಣ್ಣ ಗಣಪತಿ ಬರೀ ಬಡಿಯುವ ಡಬ್ಬಿ, ಬ್ಯಾಟರಿ ಹಿಡಿದು ಹಂದಿ ಕಾಯಲು ಹೋದ. ಎಡಗಡೆಯ ಕೋರೆ ಮುರಿದಿದ್ದ ಕಾಡುಹಂದಿಯೊಂದು ಅವನ ತೊಡೆ ಸೀಳಿತು. ಕುಮಟೆಯ ಆಸ್ಪತ್ರೆ ತಲುಪುವಷ್ಟರಲ್ಲಿ ಅವನಿರಲಿಲ್ಲ.

ಕೋವಿ ವಾಪಸು ಬಂದ ದಿನವೇ ಚಿಕ್ಕಪ್ಪನನ್ನು ಕರೆದುಕೊಂಡು ಗಜನಿಗೆ ಹೋದೆ. ಭತ್ತದ ಚಿಂತೆ ನನಗಿರಲಿಲ್ಲ. ಆ ಹಂದಿ ನನ್ನ ಕೈಯಲ್ಲೇ ಸಾಯಬೇಕಿತ್ತು, ಅದೂ ನರಳಿ.

ಕೋವಿ ಹಿಡಿಯಲು ಕಲಿಸಿದವನು ಅಣ್ಣನೇ. ನಾವು ಕಾದು ಕೂರುವಲ್ಲಿಂದ ಗದ್ದೆಯ ಕಟ್ಟೆಯುದ್ದಕ್ಕೂ ತೆಂಗಿನಮರಗಳ ಸಾಲಿತ್ತು. "ಮೂರನೇ ಮರ ದಾಟಿರೆ ಹೊಡೀಬೇಡ ತಮ್ಮಾ. ಗುಂಡು ಕೆಳಗೆ ಬಿದ್ದೋಗ್ತದೆ, ಹಂದಿ ನೆಗಾಡ್ಕಂಡು ಹೋಗ್ತದೆ," ಎನ್ನುತ್ತಿದ್ದ. ಗುರಿ ಮೇಲಕ್ಕೆ ಹಿಡಿದರಾಯಿತು ಎಂದು ನಾನು ಲೆಕ್ಕ ಹೇಳಿದರೆ ಬೈಯುತ್ತಿದ್ದ: ಗಾಯವಾಗಿ ಓಡಿದ ಹಂದಿ ನಾಳೆ ಯಾರನ್ನೋ ಸೀಳುತ್ತದೆ, ಅದನ್ನೂ ನಿನ್ನ ಲೆಕ್ಕಕ್ಕೆ ಸೇರಿಸು.

ಆ ದಿನ ಹೊತ್ತು ಮುಳುಗುವ ಮುಂಚೆ ಆ ಹಂದಿ ಐದನೇ ಮರದ ಹತ್ತಿರ ಬಂದು ಅಡ್ಡಲಾಗಿ ನಿಂತಿತು. ಮುರಿದ ಕೋರೆ ನಮ್ಮ ಕಡೆಗೇ ಇತ್ತು.

ಚಿಕ್ಕಪ್ಪ ನನ್ನ ತೋಳು ಹಿಡಿದ. "ದೂರ ಆತು. ಬರ್ಲಿ, ತಡಿ."

ತಡೆಯಲಾಗಲಿಲ್ಲ. ಅದರ ಬೆನ್ನಿಗಿಂತ ಮೇಲೆ ಗುರಿ ಹಿಡಿದು ಹೊಡೆದೆ. ಗುಂಡು ನಾಲ್ಕನೇ ಮರದ ಬುಡದಲ್ಲೇ ನೀರಿಗೆ ಬಿದ್ದು ಸಿಡಿದದ್ದನ್ನು ಇಬ್ಬರೂ ಕಂಡೆವು. ಆದರೂ ಹಂದಿ ನಿಂತಲ್ಲೇ ಕುಸಿಯಿತು.

ಹೋಗಿ ನೋಡಿದರೆ ಕಿವಿಯ ಹಿಂದೆ ಒಂದೇ ತೂತು, ಅಣ್ಣ ಯಾವಾಗಲೂ ಹೊಡೆಯುತ್ತಿದ್ದ ಜಾಗ. ಆದರೆ ಬಲಗಡೆ, ನಮಗೆ ಕಾಣದಿದ್ದ ಬದಿಗೆ. ಆಚೆಯ ಕೆಸರಿನಲ್ಲಿ ಹಂದಿಯ ಗೊರಸಿನ ಗುರುತು ಬಿಟ್ಟರೆ ಬೇರೆ ಹೆಜ್ಜೆಯಿರಲಿಲ್ಲ. ಇನ್ನೊಂದು ಈಡಿನ ಸದ್ದನ್ನೂ ನಾವು ಕೇಳಿರಲಿಲ್ಲ.

ಗುಂಡು ನೀರಿಗೆ ತಾಗಿ ಪುಟಿದಿರಬಹುದು. ಆ ಕ್ಷಣಕ್ಕೆ ಹಂದಿ ತಿರುಗಿರಬಹುದು. ಮುರಿದ ಕೋರೆ ನಮ್ಮ ಕಡೆಗಿತ್ತೆಂಬುದೇ ನಾನು ಆಮೇಲೆ ಸೇರಿಸಿಕೊಂಡ ನೆನಪಿರಬಹುದು. ಚಿಕ್ಕಪ್ಪನನ್ನು ಕೇಳಿದರೆ, "ಸತ್ತತಲ್ಲ, ಆತು. ಯಾರು ಹೊಡೆದ್ರೆ ಎಂತ?" ಎನ್ನುತ್ತಾನೆ.

ನನಗೆ ಇನ್ನೂ ಮುಗಿದಿಲ್ಲ. ಇಷ್ಟು ವರ್ಷಗಳ ಮೇಲೂ ಆ ಹಂದಿಯ ಮೇಲಿನ ಸಿಟ್ಟು ಹಾಗೇ ಇದೆ. ನರಳಿಸಿ ಕೊಲ್ಲಬೇಕೆಂದಿದ್ದೆ. ಅದು ಒಮ್ಮೆ ಕಾಲು ಕೂಡ ಝಾಡಿಸಲಿಲ್ಲ.