ಉತ್ತಮನ್ ಬಿಚ್ಚಿದ ಹಾಡಿನ ಗಂಟು

ನಮ್ಮ ಕರಿವಯಲ್ ವಾಚನಾಲಯದ ಕಂಪ್ಯೂಟರನ್ನು ಉತ್ತಮನ್ ಬಿಟ್ಟು ಬೇರೆಯವರು ಮುಟ್ಟುವಂತಿರಲಿಲ್ಲ. ಬೀಡಿ ಕಟ್ಟುತ್ತಿದ್ದವನು ಕಂಪ್ಯೂಟರ್ ನಡೆಸುವ ಲಿನಕ್ಸ್ ಕಲಿತ ಮೇಲೆ ಅವನ ಕಾಲು ನೆಲದ ಮೇಲೇ ನಿಲ್ಲುತ್ತಿರಲಿಲ್ಲ. ವಾರ್ಷಿಕೋತ್ಸವದ ನಾಟಕದಲ್ಲಿ ತಾನು ರಾಜನಾಗಿದ್ದ ವಿಡಿಯೋವನ್ನು ಅದರಲ್ಲಿಟ್ಟುಕೊಂಡು, ಪೇಪರ್ ಓದಲು ಬಂದ ನಮಗೆಲ್ಲ ತೋರಿಸಿ ಪ್ರಾಣ ತಿನ್ನುತ್ತಿದ್ದ. ಅದರ ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ಗುಡುಗು ಮಳೆಯ ತುಲಾಮಾಸದ ಒಂದು ಮಧ್ಯಾಹ್ನ, ನಾನು ಪೇಪರ್ ಓದುತ್ತಿದ್ದಾಗ, ಊರೆಲ್ಲ ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಚಿರುತೇಯಿ ಬಂದು ಕೂತಳು. ತೀರಿಹೋದ ತನ್ನ ಅಕ್ಕ ಮಾಣಿಯ ನಾಟಿ ಹಾಡು ಕೇಳಬೇಕಂತೆ. ಊರಿನ ಹಾಡುಗಳೆಲ್ಲ ಕಂಪ್ಯೂಟರಿನಲ್ಲಿ, ಜಾಗ ಉಳಿಸಲು ಗಂಟಿನಂತೆ ಒತ್ತಿ ಕಟ್ಟಿದ ಒಂದೇ ದೊಡ್ಡ ಕಡತದಲ್ಲಿದ್ದವು. ಮೂಲ ರೆಕಾರ್ಡಿಂಗ್ ಎಂದೋ ಹಾಳಾಗಿತ್ತು. ಉತ್ತಮನ್ ಆ ಗಂಟನ್ನು ಬಿಚ್ಚತೊಡಗಿದ. ಅರ್ಧಕ್ಕೆ ಬರುವಷ್ಟರಲ್ಲಿ ಡಿಸ್ಕಿನ ಆ ಭಾಗದಲ್ಲಿ ಜಾಗ ಮುಗಿಯುತ್ತ ಬಂತು. ಗಾಬರಿಬಿದ್ದು, ಜಾಗವಾಗಲಿ ಎಂದು ಗಂಟನ್ನೇ ಅಳಿಸಿಬಿಟ್ಟ. ಜಾಗ ಮಾತ್ರ ಒಂದಿಷ್ಟೂ ಹೆಚ್ಚಲಿಲ್ಲ.

ತಾನು ಮಾಡಿದ್ದೇನೆಂದು ಅವನಿಗೆ ಆಗ ಹೊಳೆಯಿತು. ಬಿಚ್ಚುವ ಕೆಲಸವನ್ನು ಮುಗಿಸದೆ, ಇದ್ದಲ್ಲೇ ತಡೆದು ನಿಲ್ಲಿಸಿದ.

"ಹೋಯ್ತಾ ಮಗಾ?" ಚೇಚಿ ಕೇಳಿದಳು.

"ಇಲ್ಲ ಚೇಚಿ, ಹೆಸರು ಮಾತ್ರ ಹೋಗಿದೆ. ಬಿಚ್ತಿರೋ ಪ್ರೋಗ್ರಾಂ ಅದನ್ನಿನ್ನೂ ಹಿಡ್ಕೊಂಡಿದೆ. ಅದು ಕೈ ಬಿಟ್ರೆ ಮುಗೀತು."

"ಕರೆಂಟ್ ಹೋದ್ರೆ?"

ಉತ್ತಮನ್ ಯುಪಿಎಸ್ ಕಡೆ ನೋಡಿದ. ಹೊರಗೆ ಗುಡುಗಿತು, ಫ್ಯಾನು ನಿಂತಿತು. ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಅದರ ಬ್ಯಾಟರಿ ಎಷ್ಟು ಹಳೆಯದೆಂದು ನಮಗೆಲ್ಲ ಗೊತ್ತಿತ್ತು.

ಡಿಸ್ಕಿನ ಇನ್ನೊಂದು ಭಾಗವನ್ನು ತುಂಬಿಕೊಂಡಿದ್ದದ್ದು ಆ ನಾಟಕದ ವಿಡಿಯೋವೇ. ಉತ್ತಮನ್ ಒಮ್ಮೆ ಅದರ ಹೆಸರು ನೋಡಿದ, ಅಳಿಸಿದ. ಅದನ್ನು ಯಾರೂ ಹಿಡಿದುಕೊಂಡಿರಲಿಲ್ಲ, ಕೂಡಲೇ ಜಾಗವಾಯಿತು. ಹೊರಬಂದ ಹಾಡುಗಳನ್ನು ಅಲ್ಲಿಗೆ ಸಾಗಿಸಿ, ತಡೆದಿದ್ದ ಬಿಚ್ಚುವ ಕೆಲಸವನ್ನು ಮುಂದುವರಿಸಿದ. ಯುಪಿಎಸ್ ಕೂಗು ಅವಸರವಾಯಿತು. ಪರದೆಯ ಮೇಲೆ ಯಾರ್ಯಾರದೋ ಹೆಸರುಗಳು ಹಾದುಹೋದವು, ಮಾಣಿಯದು ಬರಲಿಲ್ಲ. ಚೇಚಿ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಕೊನೆಯ ಹೆಸರು ಮಾಣಿಯದು. ಅದು ಬಂದ ಹಿಂದೆಯೇ ಪರದೆ ಕಪ್ಪಾಯಿತು.

ಬರೆದದ್ದು ಡಿಸ್ಕಿಗೆ ಪೂರ್ತಿ ಇಳಿಯಿತೋ ಇಲ್ಲವೋ, ಉತ್ತಮನಿಗೂ ಗೊತ್ತಿರಲಿಲ್ಲ. ಕರೆಂಟ್ ಬರುವವರೆಗೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಂದ ಮೇಲೆ ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. ನಾನೇ ಹಾಡು ಹಚ್ಚಿದೆ.

ಮಾಣಿಯ ದನಿ ಬಂತು. ಎರಡು ಸಾಲು ಹಾಡಿ ನಿಲ್ಲಿಸಿ ಗದರಿದಳು: "ಚಿರುತೇ, ಸಾಲು ತಪ್ಪಿಸ್ಬೇಡ ಕಣೇ."

ಚೇಚಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಇಲ್ಲಕ್ಕಾ," ಅಂದಳು.