ಅಂಗಳದಲ್ಲಿ ಕಟ್ಟಿ ತಾರಸಿಗೆ ಏರಿಸಿದ ಕ್ಯಾಬಿನ್

ಮೊದಲು ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ನಾಲ್ಕು ವರ್ಷ ತುಂಬುತ್ತ ಬಂದರೂ ಒಂದು ಮಾತೂ ಆಡದಿದ್ದ ಪುಟ್ಟ ಹುಡುಗಿಯೊಬ್ಬಳು ಇವತ್ತು ಬೆಳಗ್ಗೆ ನಮ್ಮ ತಾರಸಿಯ ಕ್ಯಾಬಿನ್ನಿನಲ್ಲಿ ಕಿಟಕಿ ಗಾಜಿನ ಮೇಲೆ ಕೈಯಿಟ್ಟು "ತೆಗಿ" ಅಂದಳು! ಅವಳ ತಾಯಿ ಅಲ್ಲೇ ಅತ್ತುಬಿಟ್ಟರು. ಮಾತು ಕಲಿಸುತ್ತಿರುವವಳು ನನ್ನ ಮೊಮ್ಮಗಳು ರಶ್ಮಿ. ಆ ಕಿಟಕಿ ಕೂರಿಸಿದವನು ನಾನು.

ನಾನು ಓದಿದ್ದು ಮೂರನೇ ಕ್ಲಾಸು. ಬದುಕೆಲ್ಲ ಲಾರಿಗಳಿಗೆ ಬಾಡಿ ಕಟ್ಟಿದೆ. ಆಗ ಕಂಪನಿಯಿಂದ ಬರುತ್ತಿದ್ದದ್ದು ಎಂಜಿನ್ನು, ಚಕ್ರ, ಚಾಸಿ ಎನ್ನುವ ಕಬ್ಬಿಣದ ಅಡಿಚೌಕಟ್ಟು ಇಷ್ಟೇ. ಡ್ರೈವರ್ ಕೂರುವ ಮರದ ಕ್ಯಾಬಿನ್ನನ್ನು ಶೆಡ್ಡಿನ ನೆಲದ ಮೇಲೆ ಪೂರ್ತಿ ಕಟ್ಟಿ, ಆಮೇಲೆ ಎತ್ತಿ ಚಾಸಿಯ ಮೇಲೆ ಕೂರಿಸುತ್ತಿದ್ದೆವು. ಈ ಅಭ್ಯಾಸವೇ ಈಚೆಗೆ ಎಡವಟ್ಟು ಮಾಡಿತು.

ರಶ್ಮಿ ಸ್ಪೀಚ್ ಥೆರಪಿ ಓದಿದವಳು. ಜಯನಗರದಲ್ಲಿ ಅವಳು ಬಾಡಿಗೆಗೆ ಹಿಡಿದಿದ್ದ ಕೋಣೆಯನ್ನು ತಿಂಗಳ ಕೊನೆಗೆ ಬಿಡಿ ಎಂದರು ಮಾಲೀಕರು. ಬೇರೆ ಕಡೆ ಸಿಕ್ಕಿದ್ದೆಲ್ಲ ರಸ್ತೆಬದಿಯ ಕೋಣೆಗಳು, ಬರೀ ಹಾರನ್ ಸದ್ದು.

"ಈಗ ನಿಲ್ಲಿಸಿದ್ರೆ ಆ ಪುಟ್ಟಿ ಮತ್ತೆ ಮೊದಲಿಂದ ಶುರು ಮಾಡ್ಬೇಕು ತಾತ" ಎಂದು ಕಣ್ಣು ಒರೆಸಿಕೊಂಡಳು.

"ನಮ್ಮ ತಾರಸಿ ಮೇಲೇ ಕಟ್ಟೋಣ ಬಾ" ಅಂದೆ.

ನಮ್ಮ ಮನೆ ಕತ್ರಿಗುಪ್ಪೆಯ ಸಣ್ಣ ಗಲ್ಲಿಯಲ್ಲಿದೆ. ಪರಿಚಯದ ಎಂಜಿನಿಯರ್ ಒಬ್ಬರು ಬಂದು, ಕೆಳಗಿನ ಬೀಮುಗಳ ಮೇಲೆ ಭಾರ ಬೀಳುವಂತೆ ತಾರಸಿಯಲ್ಲಿ ಗುರುತು ಹಾಕಿಕೊಟ್ಟರು. ಹತ್ತಡಿ ಉದ್ದ, ಎಂಟಡಿ ಅಗಲ. ಮರದ ಚೌಕಟ್ಟು, ಎರಡು ಪದರ ಪ್ಲೈವುಡ್, ನಡುವೆ ಸದ್ದು ಹೀರುವ ದಪ್ಪ ಹಾಸು, ಮೇಲೆ ಹಿಂದಕ್ಕೆ ಇಳಿಜಾರಾದ ತಗಡು. ಹಳೇ ಬಸ್ಸಿನ ಜಾರುವ ಗಾಜಿನ ಕಿಟಕಿಗಳನ್ನು ತಂದು, ಸುತ್ತ ಬಿಗಿಯಾಗಿ ರಬ್ಬರ್ ಪಟ್ಟಿ ಕೂರಿಸಿದೆ. ರಶ್ಮಿ ಮಾತ್ರ ಒಂದೇ ಹಟ ಹಿಡಿದಳು.

"ಮೊಳೆ ಬೇಡ ತಾತ, ಬೋಲ್ಟ್ ಹಾಕೋಣ. ಬೇಕಾದಾಗ ಬಿಚ್ಚಬಹುದು."

"ಕಟ್ಟೋಕೆ ಮುಂಚೆನೇ ಬಿಚ್ಚೋ ಮಾತು!" ಎಂದು ಗೊಣಗಿದೆ. ಆದರೂ ಬೋಲ್ಟನ್ನೇ ಹಾಕಿದೆ.

ಕೆಳಗೆ ಕೊಯ್ದು ಮೇಲೆ ಜೋಡಿಸುವುದು ಎಂದು ಅವಳು ಅಂದುಕೊಂಡಿದ್ದಳು. ಆ ವಾರ ಅವಳು ಬೆಳಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದಳು, ನನ್ನ ಕೈ ಹಳೇ ದಾರಿ ಹಿಡಿಯಿತು. ಶನಿವಾರ ಬೆಳಗಿನ ಹೊತ್ತಿಗೆ ಕ್ಯಾಬಿನ್ ಅಂಗಳದಲ್ಲಿ ಪೂರ್ತಿ ಎದ್ದು ನಿಂತಿತ್ತು. ಬಾಗಿಲು ಸಮೇತ! ನಾನು ಸೊಂಟಕ್ಕೆ ಕೈಕೊಟ್ಟು ನೋಡುತ್ತ ನಿಂತೆ. ನನ್ನ ಹೆಂಡತಿ ಜಯಮ್ಮ ಕಾಫಿ ತಂದಳು.

"ಚೆನ್ನಾಗಿದೆ ರೀ. ಲಾರಿ ಯಾವಾಗ ಬರುತ್ತೆ?"

"ಯಾವ ಲಾರಿ?"

"ಮತ್ತೆ ಇದನ್ನ ಯಾವುದರ ಮೇಲೆ ಕೂರಿಸ್ತೀರ? ಆ ಮೆಟ್ಟಿಲಲ್ಲಿ ನಮ್ಮ ಬೀರು ಹತ್ತಿಸೋಕೇ ನಿಮ್ಮ ಪ್ರಾಣ ಹೋಗಿತ್ತು!"

ಇಡೀ ಕ್ಯಾಬಿನ್ ಆ ಮೆಟ್ಟಿಲಲ್ಲಿ ಹತ್ತುವುದಿಲ್ಲ ಎಂದು ಆಗ ಹೊಳೆಯಿತು. ಗಲ್ಲಿಯ ತುಂಬ ಕರೆಂಟು ತಂತಿ, ಕ್ರೇನು ಬರುವಂತಿಲ್ಲ. ಸೋಮವಾರ ಮಕ್ಕಳು ಬರಬೇಕು. ಪಕ್ಕದಲ್ಲೇ ನಿಂತಿದ್ದ ಮಗ ನಾಗರಾಜನನ್ನು ನೋಡಿದೆ. "ಅಪ್ಪ ಕಟ್ತಿದ್ದಾರಲ್ಲ, ಏನೋ ಪ್ಲಾನ್ ಇರುತ್ತೆ ಅಂತ ಸುಮ್ನಿದ್ದೆ" ಎಂದು ತಲೆ ಕೆರೆದುಕೊಂಡ.

ರಶ್ಮಿ ಬೈಯುತ್ತಾಳೆ ಅಂದುಕೊಂಡೆ. ಅವಳು ನಕ್ಕು ನಕ್ಕು ಮೆಟ್ಟಿಲ ಮೇಲೇ ಕುಸಿದಳು. ಆಮೇಲೆ ಎದ್ದು ಸ್ಪ್ಯಾನರ್ ನನ್ನ ಕೈಗೆ ಕೊಟ್ಟಳು. "ಬೋಲ್ಟ್ ತಾನೇ ತಾತ? ಬಿಚ್ಚಿ."

ಒಂದೊಂದು ತುಂಡಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಬಿಚ್ಚಿದೆವು. ಅಕ್ಕಪಕ್ಕದವರು ಕರೆಯದೇ ಬಂದು ಹೆಗಲು ಕೊಟ್ಟರು. "ಅಂಕಲ್, ಮುಂದಿನ ಸಲ ಮನೇನೂ ಕೆಳಗೇ ಕಟ್ಟಿ, ಎತ್ತಿಟ್ಬಿಡೋಣ" ಎಂದು ಎದುರುಮನೆಯವನು ರೇಗಿಸಿದ. ಅವರ ಋಣ ದೊಡ್ಡದು. ಭಾನುವಾರ ಸಂಜೆ ಮೇಲೆ ಕೊನೆಯ ಬೋಲ್ಟು ಬಿಗಿದು ಕಿಟಕಿ ಎಳೆದೆ. ಬೀದಿಯ ಸದ್ದು ಅಡಗಿತು. ಮಾರನೇ ದಿನ ಮಕ್ಕಳು ಬಂದರು. ಅದಾಗಿ ಕೆಲವು ವಾರಕ್ಕೆ ಇವತ್ತು ಆ ಮಾತು ಬಂತು.

ಮೊಳೆ ಹೊಡೆದಿದ್ದರೆ ಮರವನ್ನೇ ಸೀಳಬೇಕಾಗುತ್ತಿತ್ತು. ಗಟ್ಟಿಯಾಗಿ ಕಟ್ಟುವುದನ್ನು ಶೆಡ್ಡು ಕಲಿಸಿತ್ತು. ಮುರಿಯದೆ ಬಿಚ್ಚುವಂತೆ ಕಟ್ಟುವುದೂ ಕಸುಬೇ ಎಂದು ಈ ವಯಸ್ಸಿನಲ್ಲಿ ಮೊಮ್ಮಗಳಿಂದ ಕಲಿತೆ. ಕಲಿಸಲು ಅವಳಿದ್ದಾಳಲ್ಲ, ಅದೇ ನನ್ನ ಪುಣ್ಯ.

ಇವತ್ತು ಸಂಜೆ ಎಲ್ಲರೂ ತಾರಸಿಯಲ್ಲಿ, ಕ್ಯಾಬಿನ್ನಿನ ಬಾಗಿಲ ಮುಂದೆ ಚಾಪೆ ಹಾಸಿ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳು ಸಾರು ಆಯಿತು. ಜಯಮ್ಮ ಪಾಯಸದ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಮ್ಮ ಮುಖ ನೋಡಿದಳು. ನಾವೆಲ್ಲ ಒಂದೇ ದನಿಯಲ್ಲಿ ಕೂಗಿದೆವು: "ತೆಗಿ!"